ಅಟ್ಟದ ಕೆಳಗಿನ ಕೆಂಚ

ನುಗ್ಗೇಹಳ್ಳಿಯ ಮಗ್ಗುಲಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದ ಶಿವಗಂಗಮ್ಮ ಚನ್ನರಾಯಪಟ್ಟಣದ ಬಟ್ಟೆ ಅಂಗಡಿಗೆ ಹೋದರೆ ಅಂಗಡಿಯವನು ಮೊದಲೇ ಬೆವರುತ್ತಿದ್ದ. ಸೀರೆಯನ್ನು ಬೀದಿಗೆ ತಂದು ಬಿಸಿಲಿಗೆ ಹಿಡಿಯುವಳು. ಬೆರಳು ಒದ್ದೆ ಮಾಡಿಕೊಂಡು ಅಂಚನ್ನು ಉಜ್ಜುವಳು. ಬಣ್ಣ ಬಿಟ್ಟರೆ ಸರಿ, ಬೇಡ ಅಂದು ಎದ್ದು ಬರಬಹುದು. ಬಿಡದಿದ್ದರೆ ಇನ್ನೂ ಅನುಮಾನ. "ಇಲ್ಲಿ ಬುಡ್ನಿಲ್ಲ, ಮನೇಲಿ ಬುಡ್ತದೆ" ಅನ್ನುವಳು. ಬಸ್ಸಿನಲ್ಲಿ ಕೂತರೆ ಚೀಲದ ಹಿಡಿಯೊಳಗೆ ಕಾಲು ತೂರಿಸಿಕೊಂಡೇ ನಿದ್ದೆ. ಚೀಲ ಕದಿಯುವವನು ತನ್ನನ್ನೂ ಎಳೆದುಕೊಂಡು ಹೋಗಲಿ ಅಂತ. ಹಾಗಂತ ಕೆಟ್ಟ ಹೆಂಗಸಲ್ಲ. ಮನೆಗೆ ಬಂದ ಯಾರನ್ನೂ ಮಜ್ಜಿಗೆ ಕೊಡದೆ ಕಳಿಸಿದವಳಲ್ಲ. ಆದರೆ ಆ ಮಜ್ಜಿಗೆ ಜಗಲಿಯ ಮೇಲೆ. ಹೊಸಿಲು ದಾಟಿ ಒಳಗೆ ಬಾ ಅಂದದ್ದನ್ನು ಪಕ್ಕದ ಮನೆಯ ಲಕ್ಕಮ್ಮನೂ ಕೇಳಿರಲಿಲ್ಲ.

ಯಾಕೆಂದರೆ ಒಳಗೆ ಅಟ್ಟ ಇತ್ತು. ಆ ಕಡೆ ಕೊಬ್ಬರಿ ಮಾಡುವುದು ಬಿಸಿಲಿಗೆ ಹೋಳು ಒಣಗಿಸಿ ಅಲ್ಲ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ವರುಷ ಅದು ಅಲ್ಲೇ ಮಲಗಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆಯಾಗಿ ಕೂರುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು, ಆಗ ಸುಲಿಯಬಹುದು. ಆ ಸದ್ದಿಗಾಗಿ ಕಾದು ಕೂರುವ ಮನೆಯಲ್ಲಿ ಇಡೀ ವರ್ಷದ ದುಡಿಮೆ ತಲೆಯ ಮೇಲೇ ಇರುತ್ತದೆ. ಶಿವಗಂಗಮ್ಮನಿಗೆ ದಾರಿಯಲ್ಲಿ ಹೋಗುವವರೆಲ್ಲ ಅಟ್ಟದ ಕಡೆಗೇ ನೋಡಿದಂತೆ ಕಾಣುತ್ತಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾಗಿ ತೊಂಬತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಅವಳಿಗೆ ನಾಯಿ ಬೇಕೆನಿಸಿತು. ಊರಲ್ಲಿ ನಾಯಿಗೇನು ಬರ? ಆದರೆ ಊರಿನ ನಾಯಿಗೆ ಊರಿನವರ ಗುರುತಿರುತ್ತದೆ, ಗುರುತಿರುವವರಿಗೆ ಅದು ಬೊಗಳುವುದಿಲ್ಲ, ಕದಿಯುವವರು ಗುರುತಿನವರೇ ಅಂತ ಅವಳ ಲೆಕ್ಕ. ಅರಕಲಗೂಡಿನ ಹತ್ತಿರ ಹೊಗೆಸೊಪ್ಪು ಬೆಳೆಯುವ ಮನೆಗೆ ಕೊಟ್ಟಿದ್ದ ತಂಗಿ ಗಂಗಾಂಬಿಕೆಯ ಹತ್ತಿರ ಹೋಗಿ, ಕಣ್ಣು ಬಿಟ್ಟು ಇನ್ನೂ ಸರಿಯಾಗಿ ಓಡಲೂ ಬಾರದ ಒಂದು ಕೆಂಚು ಮರಿ ಆರಿಸಿದಳು. ತಂಗಿ ಬೇರೆ ಎಲ್ಲ ಕೊಡುತ್ತೇನೆ ಅಂದಳು, ಇದೊಂದನ್ನು ಕೊಡಲು ಸ್ವಲ್ಪ ಹಿಂದೆಮುಂದೆ ನೋಡಿದಳು. ಅಷ್ಟಕ್ಕೇ ಇವಳು ಇದೇ ಬೇಕು ಅಂತ ಹಟ ಹಿಡಿದಳು. ಬುಟ್ಟಿಗೆ ಟವಲು ಮುಚ್ಚಿ, ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸುವಾಗಲೂ ಯಾರಿಗೂ ತೋರಿಸದೆ ಮನೆ ಸೇರಿಸಿದಳು.

ಅವಳ ತವರಿನಲ್ಲಿ ಒಂದು ಪದ್ಧತಿ ಇತ್ತು. ಕಾವಲಿನ ಮರಿಗೆ ಹೊರಗಿನವರ ಮುಖ ತೋರಿಸಬಾರದು. ಮುಖ ಕಾಣದೆ ಬೆಳೆದ ನಾಯಿಗೆ ಮನೆಯವರನ್ನು ಬಿಟ್ಟರೆ ಜಗತ್ತೆಲ್ಲ ಕಳ್ಳರು. ಅದರಂತೆ ಮರಿಯನ್ನು ಅಟ್ಟದ ಕೆಳಗಿನ ಕತ್ತಲೆ ಕೋಣೆಯಲ್ಲಿ ಗೋಣಿತಾಟು ಹಾಸಿ ಬಿಟ್ಟಳು. ಬಾಗಿಲಿಗೆ ಚಿಲಕ. ರಾಗಿಮುದ್ದೆಯನ್ನು ಹಾಲಿನಲ್ಲಿ ಕಿವುಚಿ ತಾನೇ ತಿನ್ನಿಸುವಳು. ಅದು ತಿಂದು ಅವಳ ಸೆರಗಿನೊಳಗೆ ಮೂತಿ ತೂರಿಸಿ ಮಲಗುವುದು. ಅಷ್ಟು ಹೊತ್ತು ಮಾತ್ರ ಆ ಹೆಂಗಸಿನ ಮುಖ ನೋಡಬೇಕಿತ್ತು, ಅನುಮಾನದ ಗೆರೆಯೆಲ್ಲ ಹಣೆಯಿಂದ ಇಳಿದುಹೋಗಿರುತ್ತಿತ್ತು. ಕೆಂಚ ಅಂತ ಹೆಸರಿಟ್ಟಳು.

ಅವರೆಕಾಯಿ ಬರುವ ಹೊತ್ತಿಗೆ ಕೆಂಚ ಎತ್ತರ ಆಯಿತು. ಹೊರಗೆ ಬಿಟ್ಟಳು. ಅಂಗಳದಲ್ಲಿ ಪಾತ್ರೆ ಮಾರುವವನೊಬ್ಬ "ಅಮ್ಮಾ" ಅಂದದ್ದೇ ತಡ, ಕೆಂಚ ಬೊಗಳುವುದಿರಲಿ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು, ಹೊಟ್ಟೆ ನೆಲಕ್ಕೆ ಎಳೆಯುತ್ತ ಒರಳುಕಲ್ಲಿನ ಸಂದಿಗೆ ನುಗ್ಗಿತು. ಲಕ್ಕಮ್ಮ ಬೇಲಿಯಾಚೆ ಕೆಮ್ಮಿದರೂ ಅದೇ ಗತಿ. ಮನೆಯೊಳಗೆ ಲೋಟ ಬಿದ್ದರೂ ಅದೇ. ಮತ್ತೆ ಕೋಣೆಗೇ ಸೇರಿಸಿ ಚಿಲಕ ಹಾಕಿದಳು.

ಗಂಡ ನಂಜಪ್ಪ ಜಗಲಿಯಲ್ಲಿ ಕೂತು ನೋಡಿದ. "ಕಾವಲಿಗೆ ಅಂತ ನಾಯಿ ತಂದ್ರೆ ನಾಯಿಗೇ ಒಬ್ಬ ಕಾವಲುಗಾರ ಬೇಕಾಯ್ತಲ್ಲೇ. ಕೊಬ್ರಿ ಲಾರಿ ಬತ್ತದಲ್ಲ, ಅಷ್ಟ್ರಲ್ಲಿ ನೆಟ್ಗಾದ್ರೆ ಸರಿ. ಇಲ್ದಿದ್ರೆ ಅದೇ ಲಾರೀಲಿ ಆಕಿ ಕಳುಸ್ತೀನಿ, ಪಟ್ಟಣದ್ ಮಾರ್ಕೆಟ್ಟಲ್ಲಿ ಬಿದ್ದಿರ್ಲಿ."

ಮಾರ್ಕೆಟ್ಟಿನ ಮುಂದೆಯೇ ಹೆದ್ದಾರಿ. ಬೆಂಗಳೂರಿನ ಬಸ್ಸುಗಳು ಮೈಮೇಲೆ ಬಂದಂತೆ ಬರುತ್ತವೆ. ಲೋಟ ಬಿದ್ದರೆ ಉಚ್ಚೆ ಹೊಯ್ಯುವ ಪ್ರಾಣಿ ಅಲ್ಲಿ ಒಂದು ಬೆಳಗು ಬದುಕೀತೆ? ಶಿವಗಂಗಮ್ಮ ಅವತ್ತು ತನ್ನ ತಟ್ಟೆಯ ಮುದ್ದೆಯನ್ನೂ ಕೆಂಚನಿಗೇ ಹಾಕಿದಳು.

ಆದರೆ ಅವಳಿಗೆ ಒಂದು ಖಾತ್ರಿ ಇತ್ತು. ಹೀಗೆ ತಾನಾಗಿ ಆಗುವುದಿಲ್ಲ. ಯಾರೋ ಮರಿಯನ್ನು ಹೆದರಿಸುತ್ತಿದ್ದಾರೆ, ತಾನು ತೋಟಕ್ಕೆ ಹೋದಾಗ ಬಾಗಿಲು ತೆಗೆದು ಹೊಡೆಯುತ್ತಿದ್ದಾರೆ. ಯಾರು? ಹೊರಗಿನವರಲ್ಲಿ ಒಳಗೆ ಬರುತ್ತಿದ್ದವನು ಕಾಯಿ ಸುಲಿಯುವ ಚಿಕ್ಕಯ್ಯ ಒಬ್ಬನೇ. ಆಗಾಗ ಬಂದು, ಅಟ್ಟದ ಕಾಯಿ ಒಂದೆರಡನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿ ಹೋಗುತ್ತಿದ್ದ. ನಾಯಿ ಬೇಡವಾಗುವುದು ಅವನಿಗೇ ಅಲ್ಲವೆ?

"ಚಿಕ್ಕಯ್ಯ, ನಾಯಿ ಕಂಡ್ರೆ ನಿಂಗೆಂಗೆ?" ಅಂತ ಮಾತಿಗೆ ಎಳೆದಳು.

"ನಾಯಿ ಕಂಡ್ರೆ ನಂಗೇನವ್ವ, ನಾಯಿಗೇ ನನ್ ಕಂಡ್ರೆ ಬ್ಯಾಡ" ಅಂದ ಚಿಕ್ಕಯ್ಯ, ಏನೂ ತಿಳಿಯದವನಂತೆ. ಆ ಉತ್ತರವನ್ನು ಅವಳು ಎರಡು ದಿನ ಮಗುಚಿ ಮಗುಚಿ ನೋಡಿದಳು.

ಇನ್ನೊಬ್ಬಳಿದ್ದಳು. ಸೊಸೆ ರೂಪಶ್ರೀ, ಹೊಳೆನರಸೀಪುರದ ಕಡೆಯವಳು, ಆ ವರ್ಷವೇ ಬಂದವಳು. ಮಾತು ಕಡಿಮೆ. ಮಾತು ಕಡಿಮೆ ಇರುವವರು ಒಳಗೆ ಏನು ಇಟ್ಟುಕೊಂಡಿರುತ್ತಾರೆ ಅಂತ ಅತ್ತೆಗೆ ಒಂದು ಕಣ್ಣು ಅವಳ ಮೇಲೆ ಯಾವಾಗಲೂ ಇತ್ತು. ಸಾರಿಗೆ ಉಪ್ಪು ಹಾಕುವಾಗ ನೋಡುವಳು, ತವರಿಗೆ ಹೊರಟರೆ ಚೀಲದ ಉಬ್ಬು ನೋಡುವಳು. ಈಚೆಗೆ ಸೊಸೆಯ ಬೆನ್ನ ಕಡೆ ಸೀರೆಗೆ ಕೆಂಚು ಕೂದಲು ಅಂಟಿರುವುದು ಕಂಡಿತ್ತು. ಚಿಲಕ ಹಾಕಿದ ಕೋಣೆಯ ನಾಯಿಯ ಕೂದಲು ಇವಳಿಗೆ ಹೇಗೆ ಅಂಟಿತು?

ಒಂದು ದಿನ ಬೆಳಿಗ್ಗೆ "ಪಟ್ಟಣಕ್ಕೋಗಿ ಬತ್ತೀನಿ" ಅಂತ ಎಲ್ಲರಿಗೂ ಕೇಳುವಂತೆ ಹೇಳಿ ಶಿವಗಂಗಮ್ಮ ಬಸ್ಸು ಹತ್ತಿದಳು. ಮುಂದಿನ ಸ್ಟಾಪಿನಲ್ಲೇ ಇಳಿದಳು. ಕಂಡಕ್ಟರ್ ಬೈದ, ಬೈಯಲಿ. ತೋಟದೊಳಗೆ ನುಸುಳಿ, ಅಟ್ಟದ ಕೆಳಗಿನ ಕೋಣೆಗೆ ಹಿತ್ತಿಲ ಕಡೆ ಇದ್ದ ಇನ್ನೊಂದು ಬಾಗಿಲಿಂದ ಒಳಗೆ ಬಂದು, ರಾಗಿ ತುಂಬಿದ ದೊಡ್ಡ ಗುಡಾಣದ ಹಿಂದೆ ಕುಕ್ಕರುಗಾಲಲ್ಲಿ ಕೂತಳು. ಕೆಂಚ ಬಂದು ಅವಳ ಅಂಗಾಲು ಮೂಸಿತು. "ಶ್, ಓಗ್ಲಾ ಅತ್ಲಾಗೆ" ಅಂದಳು. ಗೋಣಿತಾಟಿಗೆ ಹೋಗಿ ಮಲಗಿತು.

ಸ್ವಲ್ಪ ಹೊತ್ತಿಗೆ ಚಿಲಕ ಸದ್ದಾಯಿತು. ರೂಪಶ್ರೀ. ಹಿಂದೆ ಒಂದು ಸಲ ತಿರುಗಿ ನೋಡಿದಳು. ಸೆರಗಿನೊಳಗೆ ಏನೋ ಮುಚ್ಚಿಕೊಂಡಿದ್ದಳು. ಬಂತು ವಿಷದ ಮದ್ದು, ಅಂದುಕೊಂಡಳು ಶಿವಗಂಗಮ್ಮ.

ಸೊಸೆ ಹೊಸಿಲ ಮೇಲೆ ಕೂತಳು, ನಾಯಿಗೆ ಬೆನ್ನು ಹಾಕಿ. ಸೆರಗಿನಿಂದ ಅವರೆಕಾಯಿ ಸುರಿದುಕೊಂಡು ಬಿಡಿಸತೊಡಗಿದಳು. ಆಗೊಮ್ಮೆ ಈಗೊಮ್ಮೆ ತಿರುಗದೆ ಕೈ ಹಿಂದಕ್ಕೆ ಮಾಡಿ ಒಂದು ಚೂರು ಕೊಬ್ಬರಿ ಬೀಳಿಸುವಳು. ಅಷ್ಟೆ. ಕರೆಯಲಿಲ್ಲ, ನೋಡಲೂ ಇಲ್ಲ. ಕೆಂಚ ಕತ್ತು ಉದ್ದ ಮಾಡಿತು, ಹಿಂದಿನ ಕಾಲು ಹಿಂದೆಯೇ ಬಿಟ್ಟು ಮುಂದಿನ ಕಾಲು ಮಾತ್ರ ಮುಂದೆ ಇಟ್ಟಿತು, ಕೊಬ್ಬರಿ ಕಚ್ಚಿ ವಾಪಸು ಓಡಿತು. ಮತ್ತೆ ಬಂತು. ಆಮೇಲೆ ಅವಳ ಜಡೆಯನ್ನೇ ಮೂಸಿತು.

ಆಗಲೇ ಮೇಲೆ ಅಟ್ಟದಲ್ಲಿ ಇಲಿಯೋ ಹೆಗ್ಗಣವೋ ಓಡಿ ಒಂದು ಕಾಯಿ ಉರುಳಿತು. ಹಲಗೆಯ ಮೇಲೆ ಗುಡುಗುಡುಗುಡು ಅಂತ ಈ ಗೋಡೆಯಿಂದ ಆ ಗೋಡೆಯವರೆಗೆ ಹೋಯಿತು. ಸಂದಿಯಿಂದ ಧೂಳು ಸುರಿಯಿತು. ಕೆಂಚ ಕಿರಿಚಿತು, ಉಚ್ಚೆ ಹೊಯ್ದಿತು, ಗೋಣಿತಾಟಿನ ಅಡಿಗೆ ಹೂತುಹೋಯಿತು.

ಯಾರೂ ಹೊಡೆದಿರಲಿಲ್ಲ. ಈ ಮನೆಗೆ ಬಂದಾಗಿನಿಂದ ಕತ್ತಲಲ್ಲಿ ತಲೆಯ ಮೇಲೆ ಹೀಗೆ ಗುಡುಗಿಸಿಕೊಂಡು ಮಲಗಿದ್ದ ಮರಿ. ಚಿಲಕ ಹಾಕಿದ ಕೈ ಯಾವುದು ಅಂತ ಶಿವಗಂಗಮ್ಮ ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಅಟ್ಟದ ಧೂಳು ಮೂಗಿಗೆ ಏರಿ, ತಡೆಯಲಾರದೆ ಸೀನಿಬಿಟ್ಟಳು.

ರೂಪಶ್ರೀ ಎದ್ದು ನಿಂತಳು. "ಅತ್ತೆ! ಪಟ್ಟಣಕ್ಕೋದ್ರಲ್ಲ?"

"ಬಸ್ಸು ಕೆಟ್ಟೋಯ್ತು."

"ಗುಡಾಣದ್ ಹಿಂದ್ಲೇ ಕೆಟ್ಟೋಯ್ತಾ?"

ಶಿವಗಂಗಮ್ಮ ಸೆರಗು ಕೊಡವಿಕೊಂಡು ಎದ್ದಳು. ಬೈಯಬೇಕು ಅಂತ ಬಾಯಿ ತೆರೆದರೆ ಬಂದದ್ದು ಬೇರೆ ಮಾತು. "ಬೆನ್ನಾಕ್ಕಂಡು ಯಾಕ್ ಕೂತಿದ್ದೆ? ಮೊಕ ತೋರುಸ್ದೆ?"

"ಒಂದೇ ಸಮ ನೋಡ್ತಾ ಇದ್ರೆ ಯಾರ್ಗಾದ್ರೂ ತುತ್ತು ಗಂಟ್ಲಲ್ಲಿ ಇಳೀತದಾ ಅತ್ತೆ? ಇಲ್ಲಿಗೆ ಬಂದಾಗ ನಂಗೂ ಇಳೀತಿರ್ನಿಲ್ಲ." ಹೇಳಿದ ಮೇಲೆ ಸೊಸೆಗೇ ಹೆದರಿಕೆಯಾಗಿ ಅವರೆಕಾಯಿ ಬಾಚಿಕೊಳ್ಳತೊಡಗಿದಳು.

ಶಿವಗಂಗಮ್ಮನೂ ಕೂತು ಬಾಚಿದಳು.

ಅವತ್ತೇ ಕೆಂಚನ ಗೋಣಿತಾಟು ಹಿತ್ತಿಲ ಪಡಸಾಲೆಗೆ ಬಂತು. ಬೆಳಕಿಗೂ ಗಾಳಿಗೂ ಅದು ಮೊದಲು ನಡುಗಿತು. ಅತ್ತೆ ಸೊಸೆ ಇಬ್ಬರೂ ಅದಕ್ಕೆ ಬೆನ್ನು ಹಾಕಿ ಅಕ್ಕಿ ಆರಿಸುವುದು, ಸೊಪ್ಪು ಬಿಡಿಸುವುದು, ತಲೆ ಬಾಚಿಕೊಳ್ಳುವುದು. ಹಿತ್ತಿಲ ಆ ತುದಿಯಲ್ಲಿ ರೂಪಶ್ರೀ ಒಂದು ಕಾಯನ್ನು ಗೋಣಿಯ ಮೇಲೆ ಮೆಲ್ಲಗೆ ಉರುಳಿಸುವಳು. ಈ ತುದಿಯಲ್ಲಿ ಶಿವಗಂಗಮ್ಮ ಅದೇ ಗಳಿಗೆಗೆ ಕೊಬ್ಬರಿ ಬೆಲ್ಲ ಕೊಡುವಳು. ಕೆಂಚ ತಿನ್ನುವುದನ್ನು ಬಿಟ್ಟು ಕಿವಿ ಚಪ್ಪಟೆ ಮಾಡಿದರೆ ಅವತ್ತಿಗೆ ಸಾಕು, ಇನ್ನೂ ದೂರದಿಂದ ನಾಳೆ. ತಿಂದುಕೊಂಡೇ ಇದ್ದರೆ ಕಾಯಿ ಒಂದು ಮಾರು ಹತ್ತಿರ ಬರುತ್ತಿತ್ತು.

ಕಷ್ಟವಾದದ್ದು ಮನುಷ್ಯರದ್ದು. ಮುಖ ತೋರಿಸಬೇಕೆಂದರೆ ಮನೆಗೆ ಮುಖಗಳು ಬರಬೇಕು. ಶಿವಗಂಗಮ್ಮ ಬೇಲಿಯ ಹತ್ತಿರ ನಿಂತು, "ಲಕ್ಕಮ್ಮ, ಒಳಿಕ್ ಬಾ, ಕಾಪಿ ಕುಡೀವಂತೆ" ಅಂದಾಗ ಲಕ್ಕಮ್ಮ ಕೊಡಪಾನ ಕೆಳಗಿಟ್ಟು ಇವಳ ಮುಖವನ್ನೇ ನೋಡಿದಳು.

"ಯಾಕೆ?"

"ಯಾಕೆ ಅಂದ್ರೆ? ಕಾಪಿಗೆ."

"ಇಷ್ಟ್ ವರ್ಸ ಇಲ್ದಿದ್ ಕಾಪಿ ಇವತ್ಯಾಕೆ? ಏನೋ ಐತೆ ಕಣಮ್ಮಿ" ಅನ್ನುತ್ತಲೇ ಲಕ್ಕಮ್ಮ ಬಂದಳು. ಮೂಲೆ ಮೂಲೆ ನೋಡುತ್ತ ಬಂದಳು. ಕೂತ ಮೇಲೆ ಶಿವಗಂಗಮ್ಮನ ಅಪ್ಪಣೆ: "ನಾಯ್ ಕಡೆ ನೋಡ್ಬ್ಯಾಡ. ಗೋಡೆ ಕಡೆ ನೋಡು."

"ನಿಮ್ಮನೆ ಗೋಡೆ ನೋಡಕ್ಕೆ ಕರೆದ್ಯಾ ನನ್ನ?"

"ಊಂ. ಅಂಗೇ ಕಾಪಿ ಕುಡಿ."

ಊರೊಳಗೆ ಸುದ್ದಿ ಹಬ್ಬಿತು. ಆ ಯಮ್ಮ ಒಳಗೆ ಕರೆದು ಗೋಡೆ ನೋಡಿಸುತ್ತಾಳೆ ಅಂತ ಕೆಲವರು ಅದನ್ನು ನೋಡಲೆಂದೇ ಬಂದರು. ಬಂದು ಹೋದವರ ಹಿಂದೆಯೇ ಶಿವಗಂಗಮ್ಮ ಅಟ್ಟದ ಬಾಗಿಲ ಬೀಗ ಜಗ್ಗಿ ನೋಡುವಳು, ಅದು ಬೇರೆ. ಆದರೆ ಬಾ ಅನ್ನುವುದನ್ನು ಬಿಡಲಿಲ್ಲ. ಕೆಂಚ ದಿನಾ ಒರಳಿನ ಸಂದಿಯಿಂದ ಸ್ವಲ್ಪ ಸ್ವಲ್ಪ ಹೊರಗೆ ಕಾಣತೊಡಗಿತು. ಮೊದಲು ಮೂಗು, ಆಮೇಲೆ ಕತ್ತು. ಒಂದು ದಿನ ಲಕ್ಕಮ್ಮ ಗೋಡೆ ನೋಡುತ್ತಿದ್ದಾಗ ಅವಳ ಹಿಮ್ಮಡಿ ನೆಕ್ಕಿತು. ಲಕ್ಕಮ್ಮ ಕಾಫಿ ಚೆಲ್ಲಿಕೊಂಡರೂ ಅಲುಗಾಡಲಿಲ್ಲ. ಒಳ್ಳೆ ಹೆಂಗಸು.

ಹಾಳುಮಾಡಿದವನು ನಂಜಪ್ಪ. ಕೆಟ್ಟ ಬುದ್ಧಿಯಿಂದಲ್ಲ, ಅವಸರದಿಂದ. "ಇಂಗೆ ಮುದ್ದು ಮಾಡ್ಕಂಡಿದ್ರೆ ಆಗಾಕಿಲ್ಲ" ಅಂತ ಕೆಂಚನನ್ನು ಎಳೆದುಕೊಂಡು ಹೋಗಿ ಬಸ್ಸು ನಿಲ್ಲುವಲ್ಲಿ ಕಂಬಕ್ಕೆ ಕಟ್ಟಿದ. ಎರಡನೇ ಬಸ್ಸಿಗೆ ಅದು ಹಗ್ಗ ಕಡಿದುಕೊಂಡು ಓಡಿತು. ಸಂಜೆಯವರೆಗೆ ಹುಡುಕಿ, ತೋಟದ ಗರಿಯ ರಾಶಿಯೊಳಗಿಂದ ಶಿವಗಂಗಮ್ಮ ಎತ್ತಿಕೊಂಡು ಬಂದಳು.

"ಕಳದೋಗ್ಲಿ ಅಂತ್ಲೇ ಕಟ್ಟಿದ್ರೇನೋ" ಅಂದಳು ಗಂಡನಿಗೆ.

"ನಿನ್ ತಲೆ! ಧೈರ್ಯ ಬರ್ಲಿ ಅಂತ ಕಣೇ."

ನಂಬಲಿಲ್ಲ. ಮತ್ತೆ ಗೋಣಿಯಿಂದ, ದೂರದಿಂದ, ಬೆನ್ನು ಹಾಕಿ, ಮೊದಲಿನಿಂದ ಶುರು. ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ, ಅಷ್ಟರಲ್ಲಿ ಕಾಯಿ ಗುಡುಗುಡು ಅಂದವು ಅಂತ ಚಿಕ್ಕಯ್ಯ ಬಂದು ಹೇಳಿದ.

ಸುಲಿಯುವ ದಿನ ಅಂಗಳದ ತುಂಬ ಜನ. ಅಟ್ಟದಿಂದ ಕಾಯಿ ಧಪಧಪ ಬೀಳುತ್ತಿದ್ದವು. ಚಿಕ್ಕಯ್ಯ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಸಿಪ್ಪೆ ಎಳೆಯುತ್ತಿದ್ದ, ಹೆಂಗಸರು ಚಿಪ್ಪು ಒಡೆದು ಉಂಡೆ ತೆಗೆಯುತ್ತಿದ್ದರು. ಆ ಕೆಲಸ ಮುಗಿದ ಬೆಳಿಗ್ಗೆ ಲಾರಿ ಬಂತು. ಚೀಲಗಳೆಲ್ಲ ಏರಿದವು. ಕೆಂಚ ಅಷ್ಟೂ ಹೊತ್ತು ಪಡಸಾಲೆಯ ಮಂಚದ ಅಡಿಯಲ್ಲಿತ್ತು. ನಂಜಪ್ಪ ಹಗ್ಗ ಹಿಡಿದು ನಿಂತ. ಶಿವಗಂಗಮ್ಮ ಮಂಚಕ್ಕೆ ಅಡ್ಡ ಹೋಗಲಿಲ್ಲ. ಅಂಗಳದ ನಡುವೆ ಎಲ್ಲರಿಗೂ ಬೆನ್ನು ಹಾಕಿ ಕೂತು, ಉಳಿದ ಒಂದು ಕಾಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಾಡಿಸಿದಳು. ಗುಡುಗುಡು.

ಮಂಚದ ಅಡಿಯಿಂದ ಮೂಗು ಬಂತು. ಲಾರಿಯ ಇಂಜಿನ್ನು ಗೊರಗುಟ್ಟುತ್ತಿತ್ತು. ಕೆಂಚ ನಡುಗುತ್ತಲೇ, ಬಾಲ ಹೊಟ್ಟೆಗೆ ಒತ್ತಿಕೊಂಡೇ, ಅಂಗಳಕ್ಕೆ ಇಳಿಯಿತು. ಹಮಾಲಿಗಳ ಕಾಲ ಸಂದಿಯಲ್ಲಿ ಹಾದು ಬಂತು. ಕೂತಿದ್ದ ಚಿಕ್ಕಯ್ಯನ ಹತ್ತಿರ ನಿಂತು ಅವನ ಮೊಣಕೈ ಮೂಸಿತು. ಆಮೇಲೆ ಶಿವಗಂಗಮ್ಮನ ತೊಡೆಯ ಮೇಲಿನ ಕಾಯಿಯ ಮೇಲೆ ಮುಂಗಾಲು ಇಟ್ಟಿತು.

"ಸರಿ ಕಣೇ, ಬಂತು" ಅಂದ ನಂಜಪ್ಪ. "ಆದ್ರೆ ಬೊಗಳ್ನಿಲ್ವಲ್ಲ. ಕಂಡ್ ಕಂಡೋರ್ನೆಲ್ಲ ನೆಕ್ಕೋ ನಾಯಿ ಏನ್ ಕಾಯ್ತದೆ?"

"ಕಾಯಕ್ಕೆ ನಾನಿಲ್ವಾ?" ಅಂದಳು ಶಿವಗಂಗಮ್ಮ, ತಿರುಗದೆ. "ಇಡೀ ಊರನ್ನ ಅನುಮಾನ ಪಡಕ್ಕೆ ಮನೇಲಿ ಒಬ್ರಿದ್ರೆ ಸಾಕು. ಅದು ನೆಕ್ಕಂಡಿರ್ಲಿ."

ಚಿಕ್ಕಯ್ಯ ನಗು ತಡೆಯಲಾರದೆ ಟವಲು ಬಾಯಿಗೆ ಒತ್ತಿಕೊಂಡ. ನಂಜಪ್ಪ ಹಗ್ಗವನ್ನು ಸುತ್ತಿ ಲಾರಿಯವನಿಗೆ, ಚೀಲ ಬಿಗಿಯಲು ಆಗುತ್ತದೆ ತಗೋ ಅಂತ ಎಸೆದ. ಲಾರಿ ಹೊರಟಿತು. ಆ ಸದ್ದಿಗೆ ಕೆಂಚ ಶಿವಗಂಗಮ್ಮನ ಸೆರಗಿನೊಳಗೆ ಒಮ್ಮೆ ಮೂತಿ ಹೂತು, ಮತ್ತೆ ತೆಗೆದು, ಧೂಳಿನ ಕಡೆ ನೋಡಿತು.

ಅವಳು ಮಾತ್ರ ಲಾರಿಯ ಕಡೆ ನೋಡುತ್ತಿರಲಿಲ್ಲ. "ರೂಪಾ, ಆ ಚಿಕ್ಕಯ್ಯ ನಗ್ತಾ ನಗ್ತಾ ಯಾವ್ ಕಡೀಕೋದ, ಸ್ವಲ್ಪ ನೋಡವ್ವ" ಅಂದಳು.