ನೀರು ಬಿಡುವವನಿಗಾಗಿ ಒಂದು ಪ್ರಾರ್ಥನೆ

ಪ್ರಾರ್ಥನೆಯ ಹೊತ್ತಿನಲ್ಲಿ ನನ್ನ ಕಣ್ಣು ನೆಟ್ಟಗೆ ಮುಚ್ಚಿಕೊಂಡಿರುವುದಿಲ್ಲ. ವೈದ್ಯರಿಗೆ ತೋರಿಸುವಂಥ ದೋಷವೇನಲ್ಲ, ಬರೀ ಚಡಪಡಿಕೆ. ಮುಚ್ಚಿದ ಕೂಡಲೇ, ಫ್ಯಾನು ನಿಂತಿತೇ, ಮುಂದಿನ ಬೆಂಚಿನವರು ನಿದ್ದೆ ಹೋದರೇ, ಹೊರಗೆ ಬಿಟ್ಟ ಚಪ್ಪಲಿಯನ್ನು ನಾಯಿ ಕಚ್ಚಿಕೊಂಡು ಹೋಯಿತೇ ಎಂಬ ಲೋಕಚಿಂತೆಗಳೆಲ್ಲ ಒಟ್ಟಾಗಿ ಬಂದು ರೆಪ್ಪೆ ಎತ್ತುತ್ತವೆ. ಇಂಥವನಿಗೆ ನಮ್ಮ ಸಭೆ ವಹಿಸಿರುವ ಕೆಲಸವೆಂದರೆ, ಭಾನುವಾರದ ಆರಾಧನೆಯಲ್ಲಿ ಅಧಿಕಾರಸ್ಥರಿಗಾಗಿ ಪ್ರಾರ್ಥಿಸುವುದು.

ಆಳುವವರಿಗಾಗಿ ಪ್ರಾರ್ಥಿಸುವುದು ಕ್ರೈಸ್ತರಲ್ಲಿ ಅಪೊಸ್ತಲರ ಕಾಲದಿಂದ ಬಂದ ಪದ್ಧತಿ. ಅಂದಿನ ಆಳುವವರು ಕ್ರೈಸ್ತರನ್ನು ಸಿಂಹಗಳ ಬಾಯಿಗೆ ಹಾಕುತ್ತಿದ್ದುದರಿಂದ ಆ ಪ್ರಾರ್ಥನೆಯಲ್ಲಿ ಒಂದು ತುರ್ತು ಇದ್ದಿರಬೇಕು. ತಮಿಳು ರಾಜ್ಯಕ್ಕೆ ಸೇರಿದ ನಮ್ಮ ತಾಳವಾಡಿ ಬೆಟ್ಟದಲ್ಲಿ ಆ ತುರ್ತು ಇಲ್ಲ. ಆಳುವವರು ಘಟ್ಟದ ಕೆಳಗೆ ಕೂತು ತಮಿಳಿನಲ್ಲಿ ಆಳುತ್ತಾರೆ. ನಾವು ಘಟ್ಟದ ಮೇಲೆ ನಿಂತು ಕನ್ನಡದಲ್ಲಿ ಪ್ರಾರ್ಥಿಸುತ್ತೇವೆ. ನಡುವಿನ ಭಾಷಾಂತರ ದೇವರ ಜವಾಬ್ದಾರಿ. ರಾಷ್ಟ್ರಪತಿಯವರಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ, ಒಬ್ಬೊಬ್ಬರ ಮೇಲೂ ಒಂದೊಂದು ಸಣ್ಣ ದೂರು ಸೇರಿಸುತ್ತ, ಕಲೆಕ್ಟರರವರೆಗೆ ಇಳಿದು, ಪಂಚಾಯಿತಿಯ ಹತ್ತಿರ ‘ಆಮೆನ್’ ಎಂದು ನಿಲ್ಲುವುದು ನನ್ನ ಕ್ರಮ. ಒಂದು ದಿನ ಇನ್ನೂ ಒಂದು ಮೆಟ್ಟಿಲು ಇಳಿದದ್ದೇ ಅನಾಹುತವಾಯಿತು.

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ನಲ್ಲಿ ಒಣಗಿತು. ನೀರು ಬಿಡುವವನು ಮಾದೇವ. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಸರಳು. ಆ ಭಾನುವಾರ ನಾನು ಸ್ನಾನವಿಲ್ಲದೆ ಆರಾಧನೆಗೆ ಹೋಗಿದ್ದೆ. ಸ್ನಾನವಿಲ್ಲದವನ ಭಕ್ತಿಯಲ್ಲಿ ಸ್ವಲ್ಪ ತುರಿಕೆ ಇರುತ್ತದೆ. ಪಂಚಾಯಿತಿ ದಾಟುತ್ತಲೇ ನಾಲಿಗೆ ಜಾರಿತು: “ಕರ್ತನೇ, ನೀರು ಬಿಡುವ ಮಾದೇವನಿಗೆ ನಮ್ಮ ಬೀದಿ ಯಾವ ದಿಕ್ಕಿನಲ್ಲಿದೆ ಎಂಬುದನ್ನು ನೆನಪಿಸು.” ಸಭೆ ‘ಆಮೆನ್’ ಎಂದಿತು. ಅಂಥ ಆಮೆನ್ ರಾಷ್ಟ್ರಪತಿಯವರಿಗೆ ಎಂದೂ ಸಿಕ್ಕಿರಲಿಲ್ಲ.

ಒಳಗಿನ ಮೈಕಿನ ಮಾತನ್ನು ಬೀದಿಗೆಲ್ಲ ಕೂಗುವ ಹಾರನ್ನು ಚರ್ಚಿನ ಸೂರಿನ ಮೇಲಿದೆ ಎಂಬುದನ್ನು ನಾನು ಮರೆತಿದ್ದೆ. ಎದುರಿನ ಟೀ ಅಂಗಡಿಯವರಿಗೆ ಮರೆಯುವ ಸೌಲಭ್ಯವಿಲ್ಲ. ಆರಾಧನೆ ಮುಗಿಸಿ ಬಂದರೆ ಗೇಟಿನಲ್ಲಿ ಮಾದೇವ ನಿಂತಿದ್ದ.

“ಏನ್ ದೊಡ್ಡಪ್ಪ, ನನ್ ಮ್ಯಾಲ ದೇವರ ತಾವ್ಲೇ ಮನು ಕೊಟ್ಬುಟ್ಯಾ?” ಎಂದ. ಅರ್ಜಿಗೆ ನಮ್ಮ ಕಡೆ ತಮಿಳಿನ ಮನು ಎಂಬ ಮಾತೇ ರೂಢಿ. “ಪಂಚಾಯ್ತಿಗ್ ಕೊಟ್ಟಿದ್ರ ನಾನೂ ಏನೋ ಒಂದ್ ಯೋಳ್ಕತಿದ್ದಿ. ಇದ್ಕ ಯಾವ ಆಪೀಸ್ಗ ಓಗಿ ಜವಾಬ್ ಕೊಡ್ಲಿ?”

“ನೀರಿಲ್ಲ ಕಣ್ಲಾ ಮಾದೇವ.”

“ತಿಗನಾರೆ ಕಡೆ ಪೈಪ್ನ ಆನ ತುಳ್ದು ಅಪ್ಪಳ ಮಾಡ್ಬುಟ್ಟದ. ಆ ಆನಗೂ ವಸಿ ದಿಕ್ ತೋರ್ಸು ಅಂತ ಬೇಡ್ಕಬಾರ್ದಿತ್ತಾ? ಓಗ್ಲಿ ಬುಡು. ನನ್ ಮಗಳ್ ನೋಡಾಕ ಪಣಕಳ್ಳಿಯಿಂದ ಗಂಡಿನೋರು ಬಂದಿದ್ರು. ಟೀ ಅಂಗ್ಡೀಲಿ ಕುಂತಿದ್ದಂಗೇ ಆರನ್ನು ನನ್ ಎಸ್ರ ಕೂಗ್ತು. ಗಂಡಿನ ಅಪ್ಪ ಲೋಟ ಮಡಗ್ಬುಟ್ಟು, ‘ಊರೇ ದೇವರ ತಾವ ದೂರೋ ಮನೆ, ಬರೋ ಭಾನ್ವಾರ ಬಂದು ಮಾತ್ ಯೋಳ್ತೀವಿ’ ಅಂದ್ಬುಟ್ಟ.” ಅಷ್ಟರಲ್ಲಿ ಅವನ ದನಿ ಇಳಿದಿತ್ತು. “ಅವಳ್ಗ ಆ ಉಡ್ಗನ್ ಕಂಡ್ರ ಇಷ್ಟ ದೊಡ್ಡಪ್ಪ. ಅದೇ ಆರನ್ನಲ್ಲಿ, ಅದೇ ದೇವರ್ಗ, ನನ್ ಬಗ್ಗ ವಸಿ ಒಳ್ಳೇದ್ ಯೋಳು.”

ಆ ವಾರವಿಡೀ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೆಣ್ಣುಮಗುವಿನ ಮದುವೆ ನನ್ನ ನಾಲಿಗೆಯ ತುದಿಯಲ್ಲಿ ನೇತಾಡುತ್ತಿತ್ತು. ಆದರೆ ಬಾರದ ನೀರಿಗೆ ಕೃತಜ್ಞತೆ ಸಲ್ಲಿಸುವುದು ಹೇಗೆ? ಸುಳ್ಳು ಹೇಳಿದರೆ ಸಭೆಗೆ ತಿಳಿಯುತ್ತದೆ, ಅವರೆಲ್ಲರ ಮನೆಯ ಕೊಡವೂ ಖಾಲಿ. ದೇವರಿಗಂತೂ ತಿಳಿದೇ ತಿಳಿಯುತ್ತದೆ. ಯೋಚಿಸಿದಷ್ಟೂ ಒಂದು ವಿಷಯ ಹೊಳೆಯಿತು: ಬೇಡುವುದಕ್ಕೆ ನನ್ನಲ್ಲಿ ಸಾಗರದಷ್ಟು ಮಾತಿದೆ, ವಂದಿಸುವುದಕ್ಕೆ ಎರಡು ಸವಕಲು ವಾಕ್ಯ. ಅವನ್ನೇ ಊಟದ ಮುಂದೆ ಒಪ್ಪಿಸುತ್ತಿದ್ದಾಗ ನನ್ನ ಹೆಂಡತಿ ಮರಿಯಮ್ಮ ಸಾರಿನ ಸೌಟು ಹಿಡಿದು, “ಅನ್ನ ಕೊಟ್ಟೋನ್ಗ ದಿನಾ ಸ್ತೋತ್ರ ಆಗ್ತದ. ಮುದ್ದ ತಿರುವ್ದೋಳು ಇಲ್ಲೇ ನಿಂತವ್ಳ, ಅವಳ್ಗೂ ವಸಿ ಯೋಳಿ” ಎಂದಳು. ಧರ್ಮಶಾಸ್ತ್ರದ ಪ್ರಶ್ನೆಗಳು ಬಿಸಿ ಮುದ್ದೆಯ ಮುಂದೆ ಬಾರದಿರುವುದು ಒಳ್ಳೆಯದು.

ಶನಿವಾರ ತಡೆಯಲಾಗದೆ ಮೊಪೆಡ್ ಹತ್ತಿ ತಿಗನಾರೆ ದಾರಿ ಹಿಡಿದೆ. ಹೊಲದ ಅಂಚಿನ ಗುಂಡಿಯಲ್ಲಿ ಮಾದೇವ ಸೊಂಟದವರೆಗೆ ಕೆಸರಿನಲ್ಲಿ ನಿಂತು ಪೈಪು ಕೂಡಿಸುತ್ತಿದ್ದ. ಪಕ್ಕದಲ್ಲೇ ಆನೆಯ ಲದ್ದಿ, ಇನ್ನೂ ಹಸಿ. ಅವನು ಸುತ್ತಿಗೆ ಎತ್ತಿದಾಗಲೆಲ್ಲ ಒಮ್ಮೆ ಪೊದೆಯ ಕಡೆ ನೋಡುತ್ತಿದ್ದ.

“ನೀನ್ಯಾಕ್ ಬಂದಯ್ಯಾ ದೊಡ್ಡಪ್ಪ? ನಿನ್ ಕೈಲಿ ಓಡಾಕೂ ಆಗಲ್ಲ.”

“ನೋಡಣ ಅಂತ ಬಂದೆ” ಎಂದೆ. ಪೊದೆ ಅಲುಗಿತು. ಒಂದು ಹಸು ಹೊರಬಂತು. ಅದು ಹಸುವೆಂದು ಖಚಿತವಾಗುವ ಹೊತ್ತಿಗೆ ನಾನು ಮೊಪೆಡ್ಡಿನ ಮೇಲಿದ್ದೆ.

ಭಾನುವಾರವೂ ನಲ್ಲಿ ಒಣಗಿಯೇ ಇತ್ತು. ಮೈಕಿನ ಮುಂದೆ ನಿಂತು ರಾಷ್ಟ್ರಪತಿಯವರನ್ನೂ ಕಲೆಕ್ಟರರನ್ನೂ ಒಂದೇ ಉಸಿರಿನಲ್ಲಿ ದಾಟಿದೆ. “ಕರ್ತನೇ, ನೀರು ಇನ್ನೂ ಬಂದಿಲ್ಲ. ಆದರೆ ಆನೆ ತಿರುಗಾಡುವ ಜಾಗದಲ್ಲಿ ಗುಂಡಿಗಿಳಿದು ನಮ್ಮ ಪೈಪು ಕೂಡಿಸುತ್ತಿರುವ ಮಾದೇವನಿಗಾಗಿ ನಿನಗೆ ಸ್ತೋತ್ರ. ನಿನ್ನೆ ನಾನೇ ಕಂಡೆ. ಅವನು ಅಲ್ಲಿ ನಿಂತಿದ್ದ, ನಾನು ನಿಲ್ಲಲಿಲ್ಲ. ಹೋದ ವಾರ ನಾನು ನಿನಗೆ ಕೊಟ್ಟ ಮಾಹಿತಿ ಅಪೂರ್ಣವಾಗಿತ್ತು.” ಸಭಾಪಾಲಕರು ಕೆಮ್ಮಿದರು. ಎಂದಿನಂತೆ ನನ್ನ ಕಣ್ಣು ತೆರೆಯಿತು. ಕಿಟಕಿಯಾಚೆ ಟೀ ಅಂಗಡಿಯಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಲೋಟವನ್ನು ತುಟಿಯ ಹತ್ತಿರ ತಂದು, ಕುಡಿಯದೆ, ಹಾರನ್ನಿನತ್ತ ತಲೆ ಎತ್ತಿ ಕೂತಿದ್ದರು. ಒಳಗೆ ಸಭೆ ‘ಆಮೆನ್’ ಎಂದಿತು. ಹೊರಗೆ, ವಿಭೂತಿ ಹಣೆಯ ಒಬ್ಬನೂ ಅದಕ್ಕಿಂತ ಗಟ್ಟಿಯಾಗಿ ‘ಆಮೆನ್’ ಎಂದ.

“ಒಪ್ಪುದ್ರು ದೊಡ್ಡಪ್ಪ!” ಗೇಟಿನಲ್ಲಿ ಮಾದೇವ ನನ್ನ ಕೈ ಹಿಡಿದುಕೊಂಡ.

“ನೀರು?”

“ನಾಳಕೋ ನಾಡಿದ್ದೋ ಬತ್ತದ. ಆದ್ರ ಒಂದ್ ಮಾತು. ಮದ್ವ ಮುಗಿಯೋ ಗಂಟ ನೀರ್ ಬಂದ್ರೂ ಸೈ, ಬರ್ದಿದ್ರೂ ಸೈ, ನನ್ ಮ್ಯಾಲ ದೇವರ್ಗ ಏನೂ ಯೋಳ್ಬ್ಯಾಡ.”

ಒಪ್ಪಿಕೊಂಡೆ. ಮದುವೆ ರಾಗಿ ಕುಯ್ಲಿನ ನಂತರವಂತೆ. ನೀರು ಈಗ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಮಾದೇವನನ್ನು ಬಿಟ್ಟು ಉಳಿದವರನ್ನು ದೂರಿದರೆ ಪಕ್ಷಪಾತವಾದೀತೆಂದು ಎಲ್ಲರ ಮೇಲಿನ ದೂರನ್ನೂ ಕೈಬಿಟ್ಟಿದ್ದೇನೆ. ಈಗ ನನ್ನ ಪ್ರಾರ್ಥನೆ ಶುರುವಾದ ಕೂಡಲೇ ಮುಗಿದುಹೋಗುತ್ತದೆ. ಸಭೆ ಬೇಗ ಮನೆ ಸೇರುತ್ತದೆ. “ಆತ್ಮಿಕವಾಗಿ ಬೆಳೆದಿದ್ದೀರಿ” ಎಂದು ಸಭಾಪಾಲಕರು ಕೈಕುಲುಕಿದರು. ಬೆಳೆದಿಲ್ಲ, ಬಾಯಿ ಕಟ್ಟಿದೆ ಅಷ್ಟೆ. ಮದುವೆ ಮುಗಿದ ಮಾರನೆಯ ಭಾನುವಾರಕ್ಕೆಂದು ದೂರುಗಳನ್ನೆಲ್ಲ ಜೋಪಾನವಾಗಿ ಎತ್ತಿಟ್ಟಿದ್ದೇನೆ. ಆಗಾಗ ತೆಗೆದು ನೋಡುತ್ತೇನೆ, ಒಂದೊಂದೇ ಹಳಸುತ್ತಿವೆ.