ಹೂಜಿಯ ತಳದ ಗೀಟು

...ಎಡಗೈಯದೇ ಇರಬೇಕು, ಸಾಹೇಬರು ಉದ್ದ ಬಿಟ್ಟಿದ್ದ ಆ ಹೆಬ್ಬೆರಳಿನ ಉಗುರು. ಬಲಗೈಯದೆಂದು ಬರೆದು ಒಮ್ಮೆ ಹೊಡೆದುಹಾಕಿದ್ದೇನೆ. ಉಣ್ಣುವ ಕೈಯಲ್ಲಿ ಯಾರೂ ಅಷ್ಟು ಉದ್ದ ಬಿಡಲಾರರು ಎಂಬುದು ನನ್ನ ತರ್ಕ, ನೆನಪಲ್ಲ. ಉಗುರು ಹಳದಿಯಾಗಿತ್ತು, ತುದಿ ಬಾಗಿತ್ತು. ಅಷ್ಟು ಮಾತ್ರ ನೆನಪು.

ಭಟ್ಕಳದಲ್ಲಿ ಅವರದು ಹಳೆಸಾಮಾನಿನ ಅಂಗಡಿ. ಊರಿಗೆಲ್ಲ ಸಾಹೇಬರು, ನನಗೂ. ಹಳೆ ಮನೆ ಕೆಡವುವಲ್ಲಿಗೆ ಹೋಗಿ ಬಾಗಿಲು, ತೂಗುದೀಪ, ಬಸಿ, ಭರಣಿ ತರುತ್ತಿದ್ದರು. ಕೆಲಸದ ಮೇಲೆ ಕುಮಟೆಯಿಂದ ಹೋದಾಗಲೆಲ್ಲ ನಾನು ಅಲ್ಲಿ ಕೂರುತ್ತಿದ್ದೆ. ಬಾಗಿಲುಗಳನ್ನು ಅವರು ಮಾರುತ್ತಿದ್ದರು ಅಷ್ಟೆ. ಜೀವವಿದ್ದದ್ದು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಮಣ್ಣಿನ ಪಾತ್ರೆಗಳ ಮೇಲೆ. ತೆಳು ಪಿಂಗಾಣಿಯಲ್ಲ, ನಮ್ಮ ಉಪ್ಪಿನಕಾಯಿ ಭರಣಿಯ ಜಾತಿಯ, ಕಲ್ಲಿನಷ್ಟು ಗಟ್ಟಿಯಾಗಿ ಸುಟ್ಟ ಮಣ್ಣು. ಯಾವ ಪಾತ್ರೆ ಯಾವ ಕುಂಬಾರರದು ಎಂದು ಹೇಳುವುದೇ ಅವರ ಹುಚ್ಚು. ಮೈಮೇಲಿನ ಚಿತ್ರವನ್ನು ನಾನು ಹೊಗಳಿದರೆ ಪಾತ್ರೆಯನ್ನು ಬೋರಲು ಹಾಕುತ್ತಿದ್ದರು.

"ಮುಖ ಎಂತ ನೋಡೂದು ಮಾರಾಯ? ಮುಖ ಯಾರು ಬೇಕಾದ್ರೂ ನಕಲು ಮಾಡ್ತಾರೆ. ತಳ ನೋಡು."

ತಳದ ಗುರುತಿನ ಮೇಲೆ ಉಗುರು ಎಳೆಯುವುದು ಅವರ ಪರೀಕ್ಷೆ. ಹಸಿಮಣ್ಣಿನಲ್ಲೇ ಕೊರೆದ ಗೆರೆಯಾದರೆ ಮೆರುಗು ಒಳಗಿಳಿದು ನಯವಾಗಿರುತ್ತದೆ. ಅದು ಮಾಡಿದವರ ಗುರುತು. ಸುಟ್ಟ ಮೇಲೆ ಕೆರೆದದ್ದಾದರೆ ಉಗುರು ಸಿಕ್ಕಿಕೊಳ್ಳುತ್ತದೆ. ಅದು ಆಮೇಲೆ ಬೇರೆ ಯಾರೋ ಹಾಕಿದ್ದು.

ಅಂಗಡಿಯಲ್ಲೊಂದು ಕಂದು ಹೂಜಿಯಿತ್ತು, ಮೈಯೆಲ್ಲ ಗೀಚಿ ಬರೆದ ಆಡುಗಳು. ಕಾರ್ಖಾನೆಯ ಮುದ್ರೆಯಿದ್ದ ಚೂರು ಒಡೆದುಹೋಗಿತ್ತು. ತಳದಲ್ಲಿ ಉಳಿದದ್ದು ಮೂರು ಗೀಟು, ಕೆಳಗೊಂದು ಅಡ್ಡಗೀಟು. ಲಂಡನ್ನಿನ ಒಂದು ಕಾರ್ಖಾನೆಯಲ್ಲಿ ಪಾತ್ರೆಗಳ ಮೇಲೆ ಚಿತ್ರ ಬರೆಯುತ್ತಿದ್ದ ಹೆಂಗಸೊಬ್ಬಳ ಗುರುತು ಅದೆಂದು ಸಾಹೇಬರು ತೀರ್ಮಾನಿಸಿದ್ದರು. ಮಂಗಳೂರಿನ ಸಂಗ್ರಾಹಕರೊಬ್ಬರು ಅದನ್ನು ಒಪ್ಪಿ, ಹೂಜಿಯನ್ನು ತಮ್ಮ ಗಾಜಿನ ಕಪಾಟಿನಲ್ಲಿಡುವುದಾಗಿ ಹೇಳಿದ್ದರು. ಪಕ್ಕದಲ್ಲಿ ಇಡಲಿದ್ದ ಚೀಟಿಯಲ್ಲಿ ಆ ಹೆಂಗಸಿನ ಹೆಸರು, ಅದರ ಕೆಳಗೆ 'ಗುರುತಿಸಿದವರು' ಎಂದು ಸಾಹೇಬರ ಹೆಸರು. ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಸುವುದೋ ಉರ್ದುವಿನಲ್ಲೋ ಎಂದು ಅವರು ನನ್ನನ್ನು ಮತ್ತೆ ಮತ್ತೆ ಕೇಳುತ್ತಿದ್ದರು.

ಒಂದು ದಿನ ಹೊನ್ನಾವರದ ಹೆಂಗಸೊಬ್ಬರು ತೂಗುದೀಪದ ಸರಪಳಿ ಹುಡುಕಿಕೊಂಡು ಬಂದರು. ಬೋರಲಿಟ್ಟ ಹೂಜಿ ಕಂಡು ನಿಂತರು.

"ಸಾಯ್ಬ್ರೆ, ಇದು ನಮ್ಮನೆ ಗುರ್ತು."

"ಇದು ಇಂಗ್ಲೆಂಡಿಂದು ಅಮ್ಮ. ಗೀಟು ಅಲ್ಲಿ ಚಿತ್ರ ಬರೆದವಳ ಗುರುತು."

"ಹೂಜಿ ಇಂಗ್ಲೆಂಡಿಂದೇ ಇರ್ಲಿ. ಗೀಟು ನಮ್ದು."

ಮದುವೆಮನೆಗೆ ಎರವಲು ಹೋದ ಪಾತ್ರೆ ಅದಲುಬದಲಾಗದಿರಲೆಂದು ತಳದಲ್ಲಿ ಗುರುತು ಹಾಕುವುದು ನಮ್ಮ ಕಡೆ ರೂಢಿ. ಆಕೆ ಅಲ್ಲಿಂದಲೇ ನಾದಿನಿಗೆ ಫೋನು ಹಚ್ಚಿದರು. "ಬಚ್ಚಲು ಹಂಡೆ ಬೋರಲು ಹಾಕಿ ಒಂದು ಫೋಟೊ ಕಳ್ಸೆ. ಎಂತಕ್ಕೆ ಅಂತ ಆಮೇಲೆ ಹೇಳ್ತೆ." ಫೋಟೊ ಬಂತು. ಮೂರು ಗೀಟು, ಕೆಳಗೊಂದು ಅಡ್ಡಗೀಟು.

ಸಾಹೇಬರು ಹೂಜಿಯನ್ನು ತೊಡೆಯ ಮೇಲಿಟ್ಟುಕೊಂಡು ಗೀಟಿನ ಮೇಲೆ ಉಗುರು ಎಳೆದರು. ಅದು ಸಿಕ್ಕಿಕೊಂಡಿತು. ಸದ್ದು ಕೇಳಿಸಿತೆಂದು ಬರೆಯುವ ಆಸೆ; ಹೆದ್ದಾರಿಯ ಗದ್ದಲದಲ್ಲಿ ಕೇಳಿರಲಾರದು.

"ಹೋಗ್ಲಿ ಬಿಡಿ, ನಾನು ಯಾರಿಗೂ ಹೇಳೂದಿಲ್ಲ," ಎಂದರು ಆಕೆ.

"ನಂಗೆ ಗೊತ್ತಾಯ್ತಲ್ಲ ಅಮ್ಮ."

ಅವರು ಮಂಗಳೂರಿಗೆ ಫೋನು ಮಾಡಿದರು. "ಆ ಚೀಟಿ ಬರೆಸೂದು ಬೇಡ. ಆ ಹೆಂಗಸಿನ ಗುರುತಲ್ಲ ಅದು. ಹೂಜಿ ಯಾರು ಮಾಡಿದ್ದೋ ನಂಗೆ ಗೊತ್ತಿಲ್ಲ." ಆ ಕಡೆಯವರು ಏನೋ ಕೇಳಿದರು. "ಇಲ್ಲ, ಅಂದಾಜಿಗೆ ಬೇರೆ ಹೆಸರು ಹಾಕೂದೂ ಬೇಡ."

ಹೂಜಿಯನ್ನು ಪೇಪರಿನಲ್ಲಿ ಸುತ್ತಿ ಆಕೆಯ ಕೈಗೆ ಕೊಟ್ಟರು.

"ನಂಗೆಂತಕ್ಕೆ? ಇದ್ರ ಬಾಯಿ ಸಣ್ಣ, ಮಾವಿನಮಿಡಿ ಹಾಕಿದ್ರೆ ತೆಗೀಲಿಕ್ಕೆ ಕೈ ಹೋಗೂದಿಲ್ಲ."

"ಯಾರ್ದೋ ಮದುವೆಗೆ ಹೋದದ್ದು ವಾಪಸ್ ಬಂತು ಅಂತ ತಿಳ್ಕೊಳ್ಳಿ."

"ಆತು," ಎಂದು ಆಕೆ ಹೂಜಿಯನ್ನು ಎದೆಗವಚಿಕೊಂಡು ಹೊರಟರು. ಸರಪಳಿ ಮರೆತೇಹೋಗಿತ್ತು. ಸಾಹೇಬರು ಅದನ್ನು ಹಿಡಿದು ಬಸ್ ನಿಲ್ದಾಣದವರೆಗೆ ಓಡುನಡಿಗೆಯಲ್ಲಿ ಹೋಗಿ ಕೊಟ್ಟು ಬಂದರು. ಬಂದವರು ಚಹಾ ತರಿಸಿದರು. ಹೂಜಿಯ ಮಾತು ಆಮೇಲೆ ಎಂದೂ ಎತ್ತಲಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಅವರನ್ನು ಪ್ರಾಮಾಣಿಕರೆಂದು ಬರೆದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ತಳ ಪರೀಕ್ಷಿಸದೆ ಒಂದು ಬಸಿಯನ್ನೂ ಒಳಗಿಡದವರು ಅವರು. ಆ ಹೂಜಿಯೊಂದನ್ನು ಮಾತ್ರ ಪರೀಕ್ಷಿಸದೆ ಬಿಟ್ಟಿದ್ದರೇ? ಅಥವಾ ತಂದ ದಿನವೇ ತಿಳಿದಿದ್ದೂ, ಯಾರಾದರೂ ಬಂದು ಹೇಳುವ ತನಕ ಆ ಹೆಂಗಸಿನ ಹೆಸರನ್ನು ಇಟ್ಟುಕೊಂಡಿದ್ದರೇ? ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.