ಪರದೇಶದ ಮೇಲೆ ಹಾಕಿದ ತಪ್ಪು

ನಮ್ಮ ಮನೆಯವರು ಮತ್ತು ಅವರ ತಮ್ಮ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ತಾಯಿ ಕೊನೆಗಾಲದಲ್ಲಿ ಯಾರ ಮನೆಯಲ್ಲಿರಬೇಕು ಎಂಬುದೇ ಜಗಳ. ಆಕೆ ಸತ್ತಮೇಲೂ ಇಬ್ಬರೂ ಹಟ ಬಿಡಲಿಲ್ಲ.

ಮೈದುನ ಊರ ಕಡೆಯ ರೇಡಿಯೊದಲ್ಲಿ ಸಂಜೆ ಆರೂವರೆಗೆ ಪೇಟೆ ಧಾರಣೆ ಓದುತ್ತಿದ್ದ. ಮನೆಯವರು ಊರಿನಿಂದ ದೂರ, ಕೋಥರೂಡದ ನಮ್ಮ ಮೂರನೇ ಮಹಡಿಯ ಮನೆಯ ಗ್ಯಾಲರಿಯಲ್ಲಿ ರೇಡಿಯೊ ಹಚ್ಚಿಕೊಂಡು ಕೂಡುತ್ತಿದ್ದರು. ಒಣಮೆಣಸಿನಕಾಯಿ ಧಾರಣೆ ಕಟ್ಟಿಕೊಂಡು ಅವರಿಗೇನು? ತಮ್ಮನ ದನಿ ಬೇಕಿತ್ತು. ಕೇಳಿದರೆ ಒಪ್ಪುತ್ತಿರಲಿಲ್ಲ.

ಚಳಿಗಾಲದಲ್ಲಿ ಬೇಗ ಕತ್ತಲಾದರೆ ಆ ದನಿಯ ಮೇಲೆ ಪರದೇಶದ ಸ್ಟೇಷನ್ ಬಂದು ಕೂಡುತ್ತಿತ್ತು. ಕಾಲೇಜಿಗೆ ಹೋಗುವ ಮೊಮ್ಮಗಳು ತಿಳಿಸಿ ಹೇಳಿದಳು:

“ಎಲ್ಲಾ ದೇಶದವ್ರು ಕೂತು ಕರಾರ ಮಾಡ್ಕೊಂಡಾರ ಅಜ್ಜಿ. ರೇಡಿಯೊ ಸ್ಟೇಷನ್ನಿನ ಒಂದ ನಂಬರು ದೂರದೂರದ ದೇಶಕ್ಕೂ ಕೊಟ್ಟಾರ. ಹಗಲು ರೇಡಿಯೊದ ಅಲೆ ದೂರ ಹೋಗೂದಿಲ್ಲ. ಕತ್ತಲಾದ್ರ ಆಕಾಶಕ್ಕ ಬಡದು ಇಲ್ಲಿತನಕ ಬರ್ತಾವ. ಅದಕ್ಕ ರಾತ್ರಿ ಸ್ಟೇಷನ್ನಿನ ಜೋರು ತಗ್ಗಸ್ಬೇಕಂತ ಕರಾರಿನ್ಯಾಗ ಅದ.”

“ತಗ್ಗಸ್ದಿದ್ರ?”

“ಕೇಳೋರ್ಯಾರು?”

ಆ ವರ್ಷ ದೀಪಾವಳಿಗೆ ಮುಂಚೆ ಮನೆಯವರ ಎದೆ ಕೊಯ್ದು ಹೊಲಿದಿದ್ದರು. ಆಘಾತವಾಗಬಾರದು ಎಂದಿದ್ದರು ಡಾಕ್ಟರು. ಮನೆಗೆ ಬಂದ ಎಂಟು ದಿನಕ್ಕೆ ನೆಗೆಣ್ಣಿಯ ಫೋನ್ ಬಂತು. ಮೈದುನ ಹೋಗಿಬಿಟ್ಟಿದ್ದ. ತಲೆಗೆ ನೀರು ಹಾಕಿಕೊಂಡು ಬಂದು ಗಂಡನಿಗೆ “ಕಾರ್ತಿಕ ಸ್ನಾನ” ಎಂದೆ.

ಸಂಜೆ ರೇಡಿಯೊದಲ್ಲಿ ಗೊರಗೊರ, ಪರದೇಶದ ಹಾಡು.

“ಅವನ ದನಿ ಕೇಳಸವಲ್ದು.”

“ಆ ದೇಶದವ್ರು ಕರಾರ ಮುರದಾರ್ರಿ.”

“ಮೊಬೈಲ್‌ನಾಗ ಸ್ವಚ್ಛ ಬರ್ತದ ಅಜ್ಜಾ,” ಎಂದ ಮೊಮ್ಮಗಳ ತೊಡೆ ಚಿವುಟಿದೆ.

“ಆ ಡಬ್ಬಿ ಬ್ಯಾಡ. ಬ್ಯಾಸಗ್ಯಾಗ ಹೊತ್ತು ದೊಡ್ಡದಾಗ್ತದ, ಆಗ ಕೇಳ್ತೀನಿ.” ಮನೆಯವರು ಹನ್ನೊಂದು ವರ್ಷ ಅನ್ನದ್ದನ್ನು ಅಂದರು: “ಒಮ್ಮೆ ದನಿ ಕೇಳಿ, ಆಮ್ಯಾಲ ಅವಂಗ ಫೋನ್ ಮಾಡ್ತೀನಿ.”

ನಾನು ಹೂಂ ಎಂದೆ. ಚಳಿಗಾಲವಿಡೀ ಆ ಕಾಣದ ದೇಶವನ್ನು ಬೈದೆ.

ವೈಶಾಖ ಬಂತು. ಆರೂವರೆಗೂ ಎದುರಿನ ಸೊಸೈಟಿ ಕಟ್ಟಡದ ಗೋಡೆ ಮೇಲೆ ಬಿಸಿಲಿತ್ತು. ಧಾರಣೆ ಸ್ವಚ್ಛ ಕೇಳಿತು. ಓದುತ್ತಿದ್ದವಳು ಯಾರೋ ಹೆಣ್ಣುಮಗಳು. ಮರುದಿನವೂ ಅವಳೇ. ಮೂರನೆಯ ದಿನ ರೇಡಿಯೊ ಬಂದ್ ಮಾಡಿದರು.

“ಯಾವಾಗ?”

“ಕಾರ್ತಿಕದಾಗ.”

“ಅವತ್ತು ನೀರು ಹಾಕ್ಕೊಂಡಿದ್ದಿ.”

“ಹೂಂ.”

ನಮ್ಮಲ್ಲಿ ಸಾವಿನ ಸುದ್ದಿ ಎಷ್ಟು ತಡವಾಗಿ ಕಿವಿಗೆ ಬಿದ್ದರೂ ಬಿದ್ದ ಕೂಡಲೇ ತಲೆಗೆ ನೀರು. ಅವರು ಎದ್ದು ಬಚ್ಚಲಿಗೆ ಹೋದರು. ಬಿಸಿನೀರು ಬೇಡವೆಂದರು. ಒಂದು ತಂಬಿಗೆ ಸುರಿದ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಬರೀ ನಲ್ಲಿಯ ಸದ್ದು. ಟವೆಲ್ ಹಿಡಿದು ಹೊರಗೆ ನಿಂತೆ. ಕೈ ಚಾಚಿ ತೆಗೆದುಕೊಂಡರು, ಮುಖ ನೋಡಲಿಲ್ಲ.

ಉಳಿಯಲೆಂದು ಸುಳ್ಳು ಹೇಳಿದೆ. ಉಳಿದರು. ಈಗ ಊಟಕ್ಕೆ ಕರೆದರೆ ಬರುತ್ತಾರೆ, ಮಾತಾಡುವುದಿಲ್ಲ.